54 ಮಿ.ಮೀ. ಕೊಸಾಕ್ ಸವಾರ: ಅಂಗಿ ಕೆಂಪೋ, ನೀಲಿಯೋ?

#1 ತುದಿಕುಂಚ
ಎಲ್ಲರಿಗೂ ನಮಸ್ಕಾರ. ಕೈಲಿರೋದು 54 ಮಿ.ಮೀ. ಅಳತೆಯ ಲೋಹದ ಕುದುರೆ ಸವಾರ. ಪೆಟ್ಟಿಗೆ ಮೇಲೆ ‘ಕೊಸಾಕ್’ ಅಂತಷ್ಟೇ ಇದೆ. ಯಾವ ಕಾಲ, ಯಾವ ದಂಡು, ಏನೂ ಇಲ್ಲ. ಸವಾರ ಬೇರೆ, ಕುದುರೆ ಬೇರೆ, ಎರಡೂ ಗಟ್ಟಿ ಎರಕ. ತಲೆಗೆ ಕುರಿತುಪ್ಪಳದ ಟೋಪಿ, ಅದರಿಂದ ಒಂದು ಕಡೆಗೆ ಚೀಲದ ಹಾಗೆ ಏನೋ ಇಳಿಬಿದ್ದಿದೆ. ಗಿಡ್ಡ ಅಂಗಿ, ದೊಗಳೆ ಷರಾಯಿ, ಸೊಂಟದಲ್ಲಿ ಕತ್ತಿ. ಬಲಮುಷ್ಟಿಯಲ್ಲಿ ತೂತಿದೆ, ಈಟಿ ಇಲ್ಲ. ಹಳೇ ಬಣ್ಣ ಅಲ್ಲಲ್ಲಿ ಎದ್ದಿದೆ. ಅಂಗಿಗೆ ಮೇಲೆ ನೀಲಿ, ಚಕ್ಕೆ ಹೋದ ಕಡೆ ಒಳಗೆ ಕೆಂಪು!

ಅಂಗಿಗೆ ಯಾವ ಬಣ್ಣ ಸರಿ? ಹಳೇದನ್ನ ಪೂರ್ತಿ ತೆಗೀಬೇಕಾ? ಷರಾಯಿ ಪಕ್ಕದ ಕೆಂಪು ಪಟ್ಟಿ ನೆಟ್ಟಗೆ ಬರೋದು ಹೇಗೆ? ಕುದುರೆಗೆ ಕಪ್ಪು ಬಳಿದುಬಿಡ್ಲಾ?

#2 ಒಂದುಸಾಲು
ಕಪ್ಪು ಕುದುರೆ ಬೇಡ. ಉಳಿದದ್ದು ಬಲ್ಲವರು ಹೇಳ್ತಾರೆ.

#3 ಡಾನ್_ತೀರ
ಮೊದಲು ಆಸಾಮಿ ಯಾರು ಅಂತ ಗೊತ್ತಾಗ್ಲಿ, ಆಮೇಲೆ ಬಣ್ಣದ ಡಬ್ಬಿ ತೆಗೀರಿ. ಕೊಸಾಕರು ಅಂದ್ರೆ ರಷ್ಯ, ಉಕ್ರೇನ್ ಕಡೆಯ ಕುದುರೆ ಸವಾರ ಸೈನಿಕ ಸಮುದಾಯ. ಅವರದು ಒಂದೇ ಸಮವಸ್ತ್ರ ಅಲ್ಲ. ಡಾನ್, ಕುಬಾನ್, ತೆರೆಕ್, ಉರಾಲ್, ಒರೆನ್‌ಬರ್ಗ್, ಸೈಬೀರಿಯ, ಟ್ರಾನ್ಸ್‌ಬೈಕಾಲ್... ಎಲ್ಲ ನದಿ, ಊರು, ಸೀಮೆಗಳ ಹೆಸರಿನ ದಂಡುಗಳು, ಒಂದೊಂದು ದಂಡಿನ ಬಣ್ಣ ಒಂದೊಂದು.

ಎದೆ ನೋಡಿ. ಎರಡೂ ಕಡೆ ಸಾಲಾಗಿ ಸಣ್ಣ ಕೊಳವೆಗಳಿದ್ದು, ಅಂಗಿ ಮೊಣಕಾಲ ತನಕ ಇಳಿದಿದ್ರೆ ಅದು ಕಾಕಸಸ್ ಕಡೆಯ ಚೆರ್ಕೆಸ್ಕ, ಅಂದ್ರೆ ಸವಾರ ಕುಬಾನ್‌ನವನು ಅಥವಾ ತೆರೆಕ್‌ನವನು. ಆ ಕೊಳವೆಗೆ ಗಜೀರ್ ಅಂತಾರೆ. ಒಂದು ಗುಂಡಿಗೆ ಬೇಕಾದಷ್ಟು ಮದ್ದು ಅಳೆದು ತುಂಬಿಡೋ ಜಾಗ. ಹೆಸರು ತುರ್ಕಿಯ ‘ಹಜಿರ್’ನಿಂದ ಬಂತು, ಸಿದ್ಧ ಅನ್ನೋ ಅರ್ಥ. ನಮ್ಮ ಶಾಲೆ ‘ಹಾಜರ್ ಸಾರ್’ ಕೂಡ ಅದೇ ಅರಬ್ಬಿ ಬೇರಿನದು. ಕುಬಾನ್‌ನವರಿಗೆ ಒಳಂಗಿ, ಟೋಪಿಯ ನೆತ್ತಿ ಎರಡೂ ಕೆಂಪು. ತೆರೆಕ್‌ನವರಿಗೆ ತಿಳಿನೀಲಿ.

ನಿಮ್ಮದರಲ್ಲಿ ಕೊಳವೆ ಇಲ್ಲ, ಅಂಗಿ ಗಿಡ್ಡ, ಟೋಪಿಗೆ ಚೀಲ ಇದೆ. ನೆಪೋಲಿಯನ್ ರಷ್ಯಕ್ಕೆ ನುಗ್ಗಿದ 1812ರ ಆಸುಪಾಸಿನ ಡಾನ್ ಕೊಸಾಕ್. ಕಡುನೀಲಿ ಅಂಗಿ, ಕಾಲರ್‌ಗೂ ತೋಳಿನ ತುದಿಗೂ ಕೆಂಪು ಅಂಚುಗೆರೆ, ಕಡುನೀಲಿ ಷರಾಯಿಗೆ ಅಗಲ ಕೆಂಪು ಪಟ್ಟಿ, ಟೋಪಿಯ ಚೀಲ ಕೆಂಪು. ಅಂಗಿಗೆ ಒಳಗಿಂದ ಕೊಕ್ಕೆ ಹಾಕೋದು, ಮುಂದೆ ಗುಂಡಿಸಾಲು ಇರಲ್ಲ. ಅಚ್ಚು ಮಾಡಿದವರು ಗುಂಡಿ ಕೂರಿಸಿದ್ರೆ ಹಿತ್ತಾಳೆ ಬಣ್ಣ ಮುಟ್ಟಿಸೋಕೆ ಹೋಗ್ಬೇಡಿ.

#4 ಬೆಳಗಾವಿ_ಬ್ರಷ್
ತಡೀರಿ ತಡೀರಿ. ಒಳಗ ಕೆಂಪು ಐತಿ ಅಂದ್ರಲ್ಲ ಅವರು? ಕೆಂಪು ಅಂಗಿ ಅಂದ್ರ ಲೈಫ್ ಗಾರ್ಡ್ ಕೊಸಾಕ್ ರೆಜಿಮೆಂಟ್ ರೀ. ಝಾರ್‌ನ (ರಷ್ಯದ ಚಕ್ರವರ್ತಿಯ) ಸ್ವಂತ ಬೆಂಗಾವಲು ಪಡೆ. 1813ರ ಅಕ್ಟೋಬರ್ 4ಕ್ಕ ಜರ್ಮನಿಯ ಲೈಪ್‌ಜಿಗ್‌ನ್ಯಾಗ ಫ್ರೆಂಚ್ ಕುದುರೆ ದಂಡು ಝಾರ್ ಅಲೆಕ್ಸಾಂಡರ್ ನಿಂತ ಗುಡ್ಡದ ಸಮೀಪ ಬಂದಾಗ ದಂಡನಾಯಕ ಓರ್ಲೊವ್-ದೆನಿಸೊವ್ ಜೊತಿ ನುಗ್ಗಿದವರು ಇವರ. ಮೊದಲ ಬಣ್ಣ ಮಾಡಿದಾಂವ ಸರಿ ಮಾಡ್ಯಾನ, ಆಮ್ಯಾಲೆ ಯಾರೋ ನೀಲಿ ಬಳದು ಕೆಡಿಸ್ಯಾರ.

#5 ಗೊರಸು
ಲೈಪ್‌ಜಿಗ್ ಕದನ ಅಕ್ಟೋಬರ್ 16ರಿಂದ 19 ಅಲ್ವಾ? 4 ಎಲ್ಲಿಂದ ಬಂತು?

#6 ಡಾನ್_ತೀರ
ಇಬ್ಬರೂ ಸರಿ. ರಷ್ಯದಲ್ಲಿ ಆಗ ಹಳೇ ಜೂಲಿಯನ್ ಪಂಚಾಂಗ. 19ನೇ ಶತಮಾನದಲ್ಲಿ ಅದು 12 ದಿನ ಹಿಂದೆ ಓಡ್ತಿತ್ತು. ಅಲ್ಲಿ 4 ಅಂದ್ರೆ ಮಿಕ್ಕ ಯುರೋಪಿನಲ್ಲಿ 16.

ಆದ್ರೆ #4ರ ತೀರ್ಮಾನಕ್ಕೆ ಅವಸರ ಬೇಡ. ಗಾರ್ಡ್ ಸವಾರನಾದ್ರೆ ಕಾಲರ್ ಮೇಲೂ ತೋಳಿನ ಮಡಿಕೆ ಮೇಲೂ ಗಾರ್ಡ್ ಪಡೆಯ ಹಳದಿ ಲೇಸು ಇರಬೇಕು. ಈ ಅಳತೆಯ ಗೊಂಬೆಯಲ್ಲಿ ಅದನ್ನ ಸಾಮಾನ್ಯವಾಗಿ ಉಬ್ಬಾಗಿ ಕೆತ್ತಿರ್ತಾರೆ. ತುದಿಕುಂಚ ಅವರೇ, ಭೂತಗನ್ನಡಿ ಹಿಡಿದು ಕಾಲರ್ ನೋಡಿ. ಬೆಳಕನ್ನ ಪಕ್ಕದಿಂದ ಬಿಡಿ, ಎದುರಿಂದ ಬಿಟ್ರೆ ಉಬ್ಬು ಕಾಣಲ್ಲ.

#7 ಹಳೇ_ಸೀಸ
ಬಣ್ಣ ಕೆರೆಯೋಕೆ ಮುಂಚೆ ಕುದುರೆ ಹೊಟ್ಟೆ ಕೆಳಗೆ, ಪೀಠದ ಅಡಿ ತಯಾರಕರ ಹೆಸರಿದೆಯಾ ನೋಡಿ. ಹಳೇ ಬ್ರಿಟನ್ಸ್ ಕಂಪನಿಯ ಟೊಳ್ಳು ಎರಕದ ಗೊಂಬೆ ಆಗಿದ್ರೆ ಕೈ ಹಚ್ಚಬೇಡಿ. ಮೂಲ ಬಣ್ಣ ಹೋದ್ರೆ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆಯೂ ಹೋಯ್ತು. ಟೊಳ್ಳು ಎರಕ ವಿಲಿಯಂ ಬ್ರಿಟನ್ ಜೂನಿಯರ್ 1893ರಲ್ಲಿ ತಂದ ಉಪಾಯ. ಕರಗಿದ ಲೋಹವನ್ನ ಅಚ್ಚಿಗೆ ಹೊಯ್ದು, ಅಂಚಿನದು ಗಟ್ಟಿಯಾಗ್ತಿದ್ದ ಹಾಗೇ ನಡುವಿನದನ್ನ ವಾಪಸ್ ಚೆಲ್ಲೋದು. ಲೋಹ ಕಮ್ಮಿ, ಬೆಲೆ ಕಮ್ಮಿ. ನಿಮ್ಮದು ಗಟ್ಟಿ ಎರಕ ಅಂತೀರಿ, ಮೇಲೆ ಎರಡು ಸಲ ಬಣ್ಣ ಬಿದ್ದಿದೆ. ಗುರುತು ಇಲ್ಲದಿದ್ರೆ ಧೈರ್ಯವಾಗಿ ತೆಗೀರಿ.

ಸೀಸ ಹೆಚ್ಚಿದೆಯಾ ಅಂತ ನೋಡೋಕೆ ಬಣ್ಣ ಇಲ್ಲದ ಜಾಗವನ್ನ ಬಿಳಿ ಕಾಗದಕ್ಕೆ ಉಜ್ಜಿ. ಪೆನ್ಸಿಲ್ ಗೀಟಿನ ಹಾಗೆ ಬೂದು ಗೆರೆ ಬಿದ್ರೆ ಸೀಸ. ಆಗ ಒಣ ಉಪ್ಪುಕಾಗದ ಮುಟ್ಟಲೇಬೇಡಿ. 400 ನಂಬರಿನ ವಾಟರ್ ಪೇಪರ್ ನೀರಲ್ಲಿ ನೆನೆಸಿ ಉಜ್ಜಿ, ಆ ರಾಡಿಯನ್ನ ಹಳೇ ಪೇಪರ್‌ನಲ್ಲಿ ಒರೆಸಿ ಬೇರೆ ಇಡಿ. ಅಡುಗೆಮನೆ ಸಿಂಕು ಬೇಡ, ಊಟದ ಮೇಜು ಬೇಡ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೀರಿ. ಹಳೇ ಬಣ್ಣದಲ್ಲೂ ಸೀಸ ಇರಬಹುದು, ಅದಕ್ಕೇ ಕೆರೆಯೋದು ಬೇಡ, ನೆನೆಸಿ ತೆಗೀರಿ.

ಲೋಹಕ್ಕೆ ಅಸಿಟೋನ್ ನಡೆಯುತ್ತೆ. ಮುಚ್ಚಳ ಇರೋ ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಮುಳುಗಿಸಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಇರಬಾರದು. ಪ್ಲಾಸ್ಟಿಕ್ ಗೊಂಬೆಗೆ ಮಾತ್ರ ಅಸಿಟೋನ್ ಹಾಕಿದ್ರೆ ಕುದುರೆ ಹೋಗಿ ಪಾಯಸ ಆಗುತ್ತೆ.

#8 ಚಿಟಿಕೆ_ಬಣ್ಣ
ಅಕ್ರಿಲಿಕ್ ಬಣ್ಣ ಆಗಿದ್ರೆ ಡೆಟಾಲ್ ಸಾಕಲ್ವಾ ಗುರುಗಳೇ? ಒಂದು ರಾತ್ರಿ ನೆನೆಸಿದ್ರೆ ಸಿಪ್ಪೆ ಹಾಗೆ ಬರುತ್ತೆ.

#9 ಹಳೇ_ಸೀಸ
ಬರುತ್ತೆ. ಆದ್ರೆ ತೆಗೆದ ತಕ್ಷಣ ನಲ್ಲಿ ಕೆಳಗೆ ಹಿಡೀಬೇಡಿ. ನೀರು ತಾಗಿದ್ರೆ ಕರಗಿದ ಬಣ್ಣ ಜಿಗುಟು ಬೆಲ್ಲದ ಪಾಕ ಆಗಿ ಮತ್ತೆ ಮೆತ್ತಿಕೊಳ್ಳುತ್ತೆ. ಮೊದಲು ಡೆಟಾಲ್‌ನಲ್ಲೇ ಬ್ರಷ್ ಅದ್ದಿ ತಿಕ್ಕಿ, ಹೊಸ ಡೆಟಾಲ್‌ನಲ್ಲೇ ತೊಳೆದು, ಕೊನೆಗೆ ಪಾತ್ರೆ ಸೋಪು. ಇವರ ಗೊಂಬೆಯದು ಹಳೇ ಎನಾಮಲ್ ಇದ್ದ ಹಾಗಿದೆ, ಅಸಿಟೋನೇ ವಾಸಿ.

#10 ತುದಿಕುಂಚ
ಭೂತಗನ್ನಡಿಯಲ್ಲಿ ನೋಡಿದೆ. ಕಾಲರ್ ನುಣ್ಣಗಿದೆ, ಉಬ್ಬು ಏನೂ ಇಲ್ಲ. ತೋಳಿಗೂ ಇಲ್ಲ. ಭುಜದ ಮೇಲೂ ಬರೀ ಹೊಲಿಗೆ ಗೆರೆ. ಪೀಠದ ಅಡಿ ಗುರುತಿಲ್ಲ. ಕಾಗದದ ಮೇಲೆ ಬೂದು ಗೆರೆ ಬಿತ್ತು.

#11 ಡಾನ್_ತೀರ
ಹಾಗಾದ್ರೆ ಡಾನ್‌ನ ಸಾಮಾನ್ಯ ರೆಜಿಮೆಂಟಿನವನು. ಒಳಗಿನ ಕೆಂಪಿಗೆ ಅರ್ಥ ಹುಡುಕಬೇಡಿ, ಆಟಿಕೆಗೆ ಕೆಂಪು ಬಳಿದ್ರೆ ಅಂಗಡಿಯಲ್ಲಿ ಎದ್ದು ಕಾಣುತ್ತೆ, ಅಷ್ಟೇ. ನೀಲಿ ಹಚ್ಚಿದವರು ತಿಳಿದೇ ಹಚ್ಚಿದ್ದಾರೆ.

#12 ಬೆಳಗಾವಿ_ಬ್ರಷ್
ಒಪ್ಪಿದೆ. ಆದ್ರ ಕೆಂಪು ಮಸ್ತ್ ಕಾಣ್ತಿತ್ತು.

#13 ಮಾದರಿ_ಮಾರಾಯ್ರೆ
ಆಟಿಕೆ ಅಂದ ಮೇಲೆ ಒಂದು ಪ್ರಶ್ನೆ ಬಾಕಿ ಉಂಟಲ್ಲ ಮಾರಾಯ್ರೆ. ಹೊಳಪೋ, ಮ್ಯಾಟೋ? ಹಳೇ ಆಟಿಕೆ ಸಿಪಾಯಿ ಅಂದ್ರೆ ಹೊಳೆಯುವ ಎನಾಮಲ್, ಒಂದೇ ಸಮ ಬಣ್ಣ, ನೆರಳು ಬೆಳಕು ಇಲ್ಲ, ಕೆನ್ನೆಗೆ ಎರಡು ಗುಲಾಬಿ ಚುಕ್ಕಿ. ಈಗಿನವರು ಎಲ್ಲದಕ್ಕೂ ನೆರಳು ಹಾಕಿ, ಕೆಸರು ಹಾಕಿ, ಮ್ಯಾಟ್ ಹೊಡೆದು ಆಟಿಕೆಯ ಜೀವ ತೆಗೀತಾರೆ.

#14 ಗೊರಸು
ಕುದುರೆಗೆ ಹೊಳಪು ಎನಾಮಲ್ ಹಾಕಿದ್ರೆ ಪಿಂಗಾಣಿ ಕುದುರೆ ಆಗುತ್ತೆ ಸ್ವಾಮಿ.

#15 ಮಾದರಿ_ಮಾರಾಯ್ರೆ
ಆಟಿಕೆ ಕುದುರೆ ಪಿಂಗಾಣಿ ಹಾಗೇ ಇರ್ಬೇಕು. ಹುಲ್ಲು ತಿನ್ನೋ ಕುದುರೆ ಬೇಕಾದ್ರೆ ಲಾಯಕ್ಕೆ ಹೋಗಿ.

#16 ತುದಿಕುಂಚ
ಜಗಳ ಆಮೇಲೆ. ನನಗೆ ನೆರಳು ಬೆಳಕು ಬೇಕು. ಪ್ರೈಮರ್‌ನಿಂದ ಶುರು ಮಾಡಿ ಯಾರಾದ್ರೂ ಹೇಳಿ.

#17 ಚಿಟಿಕೆ_ಬಣ್ಣ
ಹೇಳ್ತೀನಿ. ಮೊದಲು ಬಣ್ಣ ಇಲ್ಲದೇ ಸವಾರನನ್ನ ಜೀನಿನ ಮೇಲೆ ಕೂರಿಸಿ ನೋಡಿ. ತೊಡೆ ಜೀನಿಗೆ ತಾಗೋ ಜಾಗವನ್ನ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಅಲ್ಲಿಗೆ ಬಣ್ಣ ಬೇಡ. ಪ್ರೈಮರ್, ಬಣ್ಣ, ವಾರ್ನಿಷ್ ಎಲ್ಲ ಸೇರಿ ದಪ್ಪ ಆದ್ರೆ ಕೊನೆಗೆ ಸವಾರ ಕೂರಲ್ಲ, ಒತ್ತಿದ್ರೆ ಷರಾಯಿ ಬಣ್ಣ ಕಿತ್ತು ಬರುತ್ತೆ. ಅಂಟಿಗೂ ಬರಿ ಲೋಹವೇ ಒಳ್ಳೇದು.

ಅಚ್ಚಿನ ಜೋಡಣೆ ಗೆರೆಯನ್ನ ಸೂಜಿ ಅರದಿಂದ ತೆಗೀರಿ. ಮುಖ್ಯವಾಗಿ ಕುದುರೆ ಬೆನ್ನಿನ ಮೇಲಿಂದ ಬಾಲದ ತನಕ, ಕಾಲುಗಳ ಒಳಗಡೆ, ಸವಾರನ ಟೋಪಿ ಪಕ್ಕ. ಆಮೇಲೆ ಸೋಪುನೀರಲ್ಲಿ ತೊಳೆದು ಒಂದು ರಾತ್ರಿ ಒಣಗಿಸಿ. ಸವಾರನ ಕುಂಡೆಗೆ 1 ಮಿ.ಮೀ. ತೂತು ಕೊರೆದು ತಂತಿ ಸಿಕ್ಕಿಸಿ, ತಂತಿಯ ಇನ್ನೊಂದು ತುದಿ ಬಾಟಲಿ ಬಿರಡೆಗೆ. ಮುಗಿಯೋ ತನಕ ಬೆರಳು ಗೊಂಬೆಗೆ ತಾಗಬಾರದು.

ಪ್ರೈಮರ್ ಬೂದು ಬಣ್ಣದ್ದು, ಕಾರಿಗೆ ಹೊಡೆಯೋ ಸ್ಪ್ರೇ ಸಾಕು. ಡಬ್ಬಿಯನ್ನ ಎರಡು ನಿಮಿಷ ಅಲ್ಲಾಡಿಸಿ, 20ರಿಂದ 25 ಸೆಂ.ಮೀ. ದೂರದಿಂದ, ಗೊಂಬೆಯ ಆಚೆಯಿಂದ ಶುರು ಮಾಡಿ ಈಚೆ ದಾಟಿಸಿ ನಿಲ್ಲಿಸಿ. ತೆಳ್ಳಗೆ ಎರಡು ಮೂರು ಸಲ. ಒಂದೇ ಸಲ ದಪ್ಪಗೆ ಹೊಡೆದ್ರೆ ಕಣ್ಣು, ಗಡ್ಡದ ಗೆರೆ, ಲಗಾಮು ಎಲ್ಲ ಮುಚ್ಚಿಹೋಗುತ್ತೆ. ತೀರ ದೂರದಿಂದ ಹೊಡೆದ್ರೆ ಹನಿ ಗಾಳಿಯಲ್ಲೇ ಒಣಗಿ ರವೆ ಹಾಗೆ ಕೂರುತ್ತೆ.

#18 ಮಾದರಿ_ಮಾರಾಯ್ರೆ
ಕರಾವಳಿ, ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಮಳೆ ಬೀಳುವಾಗ ಸ್ಪ್ರೇ ಹೊಡೀಬೇಡಿ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಂಜು ಹಿಡಿಯುತ್ತೆ. ಮ್ಯಾಟ್ ವಾರ್ನಿಷ್‌ಗೆ ಇನ್ನೂ ಜಾಸ್ತಿ. ಹಾಗೆ ಆದ್ರೆ ಗಾಬರಿ ಬೇಡ, ಒಣ ದಿನ ನೋಡಿ ಬ್ರಷ್‌ನಲ್ಲಿ ಹೊಳಪು ವಾರ್ನಿಷ್ ಒಂದು ಕೈ ಕೊಟ್ರೆ ಬಹಳಷ್ಟು ಸಲ ಮಂಜು ಹೋಗುತ್ತೆ. ನೋಡಿ, ಕೊನೆಗೆ ಕಾಪಾಡೋದು ಹೊಳಪೇ!

#19 ಚಿಟಿಕೆ_ಬಣ್ಣ
ಈಗ ನೀಲಿ. ಬಟ್ಟೆ ನಿಜಕ್ಕೂ ಕಪ್ಪಿಗೆ ಹತ್ತಿರದ ನೀಲಿ. ಅದನ್ನೇ ಗೊಂಬೆಗೆ ಹಾಕಿದ್ರೆ ಎರಡು ಅಡಿ ದೂರದಿಂದ ಬರೀ ಕಪ್ಪು. ಅದಕ್ಕೆ 4 ಪಾಲು ಕಡುನೀಲಿಗೆ 1 ಪಾಲು ನಡುಬೂದು ಬೆರೆಸಿ. ಅಕ್ರಿಲಿಕ್ ಆದ್ರೆ 2 ಪಾಲು ಬಣ್ಣಕ್ಕೆ 1 ಪಾಲು ನೀರು, ಎರಡು ಕೈ. ಮಡಿಕೆಯ ಒಳಗೆ ಅದೇ ನೀಲಿಗೆ ಚೂರು ಕಪ್ಪು, ಚೂರು ಕಂದು. ಮಡಿಕೆಯ ಉಬ್ಬಿಗೆ ಬೂದುನೀಲಿ. ಬಿಳಿ ಬೆರೆಸಬೇಡಿ, ಸುಣ್ಣ ಬಳಿದ ಹಾಗೆ, ಇಲ್ಲವೇ ಶಾಲೆ ಯೂನಿಫಾರ್ಮ್ ಹಾಗೆ ಕಾಣುತ್ತೆ.

ಪಟ್ಟಿಯ ಅಗಲಕ್ಕೆ ಲೆಕ್ಕ ಇದೆ. 54 ಮಿ.ಮೀ. ಅಂದ್ರೆ ಹತ್ತಿರ ಹತ್ತಿರ 1:32. ಪಟ್ಟಿ ಸುಮಾರು ನಾಲ್ಕೂವರೆ ಸೆಂ.ಮೀ. ಅಂತ ಇಟ್ಕೊಂಡ್ರೆ ಗೊಂಬೆ ಮೇಲೆ 1.4 ಮಿ.ಮೀ. ಜನ 3 ಮಿ.ಮೀ. ಬಳಿದು ಬ್ಯಾಂಡ್‌ಸೆಟ್ಟಿನವನ ಹಾಗೆ ಮಾಡ್ತಾರೆ.

ಕೆಂಪನ್ನ ನೇರ ನೀಲಿ ಮೇಲೆ ಎಳೀಬೇಡಿ. ಕೆಂಪು ಬಣ್ಣ ಪಾರದರ್ಶಕ, ಕೆಳಗಿನ ನೀಲಿ ಇಣುಕಿ ನೇರಳೆ ಆಗುತ್ತೆ. ಮೊದಲು ಇಟ್ಟಿಗೆ ಬಣ್ಣದ್ದೋ ಮಾಸಲು ಗುಲಾಬಿಯದೋ ಒಂದು ಗೆರೆ, ಬೇಕಾದ್ದಕ್ಕಿಂತ ಕೊಂಚ ಅಗಲ. ಒಣಗಿದ ಮೇಲೆ ಕೆಂಪು ಎರಡು ಕೈ. ಅಂಚು ಸೊಟ್ಟ ಇದ್ರೂ ಚಿಂತೆ ಇಲ್ಲ. ಕೊನೆಗೆ ಷರಾಯಿಯ ನೀಲಿಯನ್ನೇ ತಗೊಂಡು ಎರಡೂ ಕಡೆಯಿಂದ ಒತ್ತಿ ಪಟ್ಟಿಯನ್ನ ಸಣ್ಣ ಮಾಡಿ. ಪಟ್ಟಿಯನ್ನ ನೆಟ್ಟಗೆ ಮಾಡೋದು ಕೆಂಪು ಅಲ್ಲ, ನೀಲಿ.

#20 ಗೊರಸು
ಬ್ರಷ್ ವಿಷಯ ಬಿಟ್ರಿ. 000 ನಂಬರ್ ಕೊಳ್ಳಬೇಡಿ. ಅದರಲ್ಲಿ ಬಣ್ಣ ನಿಲ್ಲಲ್ಲ, ಗೊಂಬೆಗೆ ತಾಗೋ ಹೊತ್ತಿಗೆ ತುದಿಯಲ್ಲೇ ಒಣಗಿರುತ್ತೆ. ಚೂಪು ತುದಿ ಇರೋ 1 ನಂಬರ್ ಬ್ರಷ್ ಒಂದಿದ್ರೆ ಕಣ್ಣಿಂದ ಹಿಡಿದು ಪಟ್ಟಿ ತನಕ ಎಲ್ಲ ಮುಗಿಯುತ್ತೆ.

#21 ತುದಿಕುಂಚ
ಪಟ್ಟಿ ಎಳೆದೆ. ತೊಡೆ ಮೇಲೆ ಚೆನ್ನಾಗಿದೆ. ಮೊಣಕಾಲಿನ ಹತ್ತಿರ ಬಟ್ಟೆ ಮಡಿಕೆ ಇದೆ, ಅಲ್ಲಿ ಪಟ್ಟಿ ಹಾವಿನ ಹಾಗೆ ಹೊರಳಿದೆ.

#22 ಚಿಟಿಕೆ_ಬಣ್ಣ
ಅಲ್ಲೇ ಎಲ್ಲರೂ ಎಡವೋದು. ಮಡಿಕೆಯ ಮೇಲೆ ಗೆರೆಯನ್ನ ಬಿಡದೆ ಎಳೆದ್ರೆ ಹಾಗೇ ಆಗುತ್ತೆ. ಬಟ್ಟೆ ಮಡಚಿದಾಗ ಪಟ್ಟಿಯೂ ಮಡಚಿಕೊಂಡು ಒಳಗೆ ಹೋಗುತ್ತೆ, ಆಚೆ ಉಬ್ಬಿನಲ್ಲಿ ಕೊಂಚ ಪಕ್ಕಕ್ಕೆ ಸರಿದು ಹೊರಗೆ ಬರುತ್ತೆ. ಸೀರೆಯ ಅಂಚು ನೆರಿಗೆಯಲ್ಲಿ ಹೇಗೆ ಕಾಣುತ್ತೋ ಹಾಗೆ. ಮಡಿಕೆಯ ತಳದಲ್ಲಿ ಕಡುನೀಲಿಯಿಂದ ಪಟ್ಟಿಯನ್ನ ಕತ್ತರಿಸಿ, ಮುಂದಿನ ಉಬ್ಬಿನ ತುದಿಯಿಂದ ಹೊಸದಾಗಿ ಶುರು ಮಾಡಿ. ಕಣ್ಣು ತಾನೇ ಜೋಡಿಸಿಕೊಳ್ಳುತ್ತೆ.

#23 ಅರಗಿನ_ಬಣ್ಣ
ನಡುವೆ ಬಾಯಿ ಹಾಕ್ತಿದ್ದೀನಿ. ಇಷ್ಟೆಲ್ಲ ಪ್ರೈಮರ್, ವಾರ್ನಿಷ್ ಯಾಕೆ? ಚನ್ನಪಟ್ಟಣದ ಅರಗಿನ ಬಣ್ಣ ಹಾಕಿದ್ರೆ ಹೊಳಪೂ ಬಂತು, ಮಕ್ಕಳಿಗೆ ವಿಷವೂ ಇಲ್ಲ.

#24 ಹಳೇ_ಸೀಸ
ಅರಗು ಚೆನ್ನ, ಆದ್ರೆ ಇಲ್ಲಿಗೆ ಆಗಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಚರಕಿಯ ಮೇಲೆ ತಿರುಗ್ತಿರುವಾಗ ಅರಗಿನ ಕಡ್ಡಿಯನ್ನ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುತ್ತೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸ್ತಾರೆ. ಅಂದ್ರೆ ಗುಂಡಗೆ ತಿರುಗೋ ವಸ್ತು ಬೇಕು. ನಾಲ್ಕು ಕಾಲು, ಬಾಲ, ಈಟಿ ಇರೋ ಎರಕದ ಗೊಂಬೆಯನ್ನ ಹೇಗೆ ತಿರುಗಿಸ್ತೀರಿ? ಇನ್ನು ಇದು ಸೀಸದ ಗೊಂಬೆ. ಮೇಲೆ ಏನೇ ಬಳಿದರೂ ಮಕ್ಕಳ ಕೈಗೆ ಕೊಡೋ ಹಾಗಿಲ್ಲ.

#25 ಗೊರಸು
ಈಗ ಕುದುರೆ, ನನ್ನ ಸರದಿ.

ಡಾನ್ ಕುದುರೆ ಅಂದ ತಕ್ಷಣ ಜನ ಚಿನ್ನದ ಹೊಳಪಿನ ಕೆಂಗಂದು ಎತ್ತರದ ಕುದುರೆ ನೆನೀತಾರೆ. ಆ ತಳಿ ತಿದ್ದಿಕೊಂಡದ್ದು 19ನೇ ಶತಮಾನ ಮುಂದುವರಿದ ಹಾಗೆ. 1812ರವು ಸಣ್ಣ ಮೈಯ, ಒರಟು ಕೂದಲಿನ, ಗಟ್ಟಿ ಹುಲ್ಲುಗಾವಲು ಕುದುರೆಗಳು, ಎಲ್ಲ ಬಣ್ಣದವೂ ಇದ್ವು. ಕುದುರೆ ಕೊಸಾಕನ ಸ್ವಂತದ್ದು. ಉಡುಪು, ಕತ್ತಿ ಕೂಡ ಅವನ ಖರ್ಚಿನಲ್ಲೇ. ಹಾಗಾಗಿ ಹತ್ತು ಸವಾರರಿದ್ರೆ ಹತ್ತೂ ಕುದುರೆ ಒಂದೇ ಬಣ್ಣ ಮಾಡಬೇಡಿ.

ಒಂದಕ್ಕೆ ಕಂದು ಮೈ, ಕಪ್ಪು ತುದಿ ಮಾಡೋದು ಸುಲಭ. ಅಕ್ರಿಲಿಕ್‌ನಲ್ಲಿ ತಿಳಿ ಕಿತ್ತಳೆಗಂದು ಎರಡು ಕೈ ಕೊಟ್ಟು ಒಂದು ದಿನ ಬಿಡಿ. ಬರ್ನ್ಟ್ ಸಿಯೆನ್ನಾ (ಕೆಂಗಂದು) ಎಣ್ಣೆಬಣ್ಣವನ್ನ ರಟ್ಟಿನ ಮೇಲೆ ಹಿಂಡಿ ಎರಡು ಮೂರು ಗಂಟೆ ಇಡಿ. ರಟ್ಟು ಎಣ್ಣೆ ಹೀರಿದ್ರೆ ಬಣ್ಣ ಮ್ಯಾಟ್ ಆಗುತ್ತೆ, ಬೇಗ ಒಣಗುತ್ತೆ. ಅದಕ್ಕೆ ಚೂರು ಬರ್ನ್ಟ್ ಅಂಬರ್ (ಕಡುಗಂದು) ಸೇರಿಸಿ ಕುದುರೆ ಪೂರ್ತಿ ತೆಳ್ಳಗೆ ಬಳೀರಿ. ಹತ್ತು ಹದಿನೈದು ನಿಮಿಷ ಬಿಟ್ಟು ಒಣ ಸ್ಪಂಜಿನಿಂದ ಒರೆಸಿ. ಭುಜ, ತೊಡೆ, ಪಕ್ಕೆಯ ಉಬ್ಬಿನಲ್ಲಿ ಬಣ್ಣ ಎದ್ದು ಕಿತ್ತಳೆ ಕಾಣುತ್ತೆ, ಸ್ನಾಯುಗಳ ನಡುವೆ ಕಂದು ಉಳಿಯುತ್ತೆ. ನೆರಳು ಬೆಳಕು ತಾನಾಗೇ ಬಂತು.

ಒದ್ದೆ ಇರುವಾಗಲೇ ಮೊಣಕಾಲ ಕೆಳಗೆ, ಕೇಸರಕ್ಕೆ, ಬಾಲಕ್ಕೆ ಕಪ್ಪಿಗೆ ಹತ್ತಿರದ ಕಂದು ಸೇರಿಸಿ ಮೇಲಕ್ಕೆ ಮಸುಕು ಮಾಡಿ. ಬರೀ ಐವರಿ ಬ್ಲ್ಯಾಕ್ ಹಾಕಿದ್ರೆ ವಾರ ಆದ್ರೂ ಒಣಗಲ್ಲ. ಅಂಬರ್ ಬೇಗ ಒಣಗೋ ಬಣ್ಣ, ಅದನ್ನ ಧಾರಾಳವಾಗಿ ಬೆರೆಸಿ. ಮಳೆಗಾಲದಲ್ಲಿ ಹೇಗಿದ್ರೂ ಐದಾರು ದಿನ ಬೇಕು. ಧೂಳು ಕೂರದ ಹಾಗೆ ಡಬ್ಬಿ ಕವುಚಿ ಇಡಿ.

ಒಂದು ಮಾತು ನೆನಪಿರಲಿ. ಕೇಸರ, ಬಾಲ ಮೈಯ ಬಣ್ಣದ್ದೇ ಆಗಿದ್ರೆ ಕಾಲು ಕಪ್ಪು ಮಾಡಬೇಡಿ, ಅದು ಬೇರೆ ಜಾತಿಯ ಕೆಂಗಂದು. ಎರಡನ್ನೂ ಬೆರೆಸಿದ ಕುದುರೆ ಗೊಂಬೆಯಲ್ಲಿ ಮಾತ್ರ ಸಿಗುತ್ತೆ. ಬಿಳಿ ಕಾಲಿದ್ರೆ ಗೊರಸು ತಿಳಿ ಕೊಂಬಿನ ಬಣ್ಣ, ಕಪ್ಪು ಕಾಲಿಗೆ ಕಪ್ಪು ಬೂದು.

#26 ಡಾನ್_ತೀರ
ಸಾಮಾನಿನ ಬಗ್ಗೆ ಮೂರು ತಿದ್ದುಪಡಿ. ಕೊಸಾಕರು ಸ್ಪರ್ (ಕುದುರೆ ತಿವಿಯೋ ಹಿಮ್ಮಡಿ ಮುಳ್ಳು) ಹಾಕ್ತಿರಲಿಲ್ಲ, ಮಣಿಕಟ್ಟಿಗೆ ನಗೈಕ ಅನ್ನೋ ಚಾವಟಿ ಇರ್ತಿತ್ತು. ಹಿಮ್ಮಡಿಯಲ್ಲಿ ಸ್ಪರ್ ಕೆತ್ತಿದ್ರೆ ಅರ ಹಾಕಿ ತೆಗೀರಿ. ಕಡಿವಾಣ ಸಾದಾ, ಒಂದೇ ಜೊತೆ ಲಗಾಮು. ಅಚ್ಚಿನಲ್ಲಿ ಎರಡು ಜೊತೆ ಇದ್ರೆ ಒಂದನ್ನ ಕತ್ತರಿಸಿ. ಜೀನಿನ ಮೇಲೆ ಮೆತ್ತೆ ಇರುತ್ತೆ, ಸವಾರ ಎತ್ತರದಲ್ಲಿ ಕೂತ ಹಾಗೆ ಕಾಣೋದು ಅದಕ್ಕೇ. ಮೆತ್ತೆಗೆ ಕಪ್ಪು ತೊಗಲು, ಕೆಳಗಿನ ಬಟ್ಟೆಗೆ ನೀಲಿ, ಅದಕ್ಕೆ ಕೆಂಪು ಅಂಚು.

ಕತ್ತಿಗೆ ನಿಯಮ ಇಲ್ಲ. ಅಪ್ಪನದ್ದು, ಶತ್ರುವಿನಿಂದ ಕಿತ್ತದ್ದು, ಏನು ಬೇಕಾದ್ರೂ ಇರಬಹುದು.

#27 ಬೆಳಗಾವಿ_ಬ್ರಷ್
ಈಟಿಗೆ ಬಾವುಟ ಹಚ್ಚೂದು?

#28 ಡಾನ್_ತೀರ
ಬೇಡ್ರಿ. ಈಟಿಗೆ ಪುಟ್ಟ ಬಾವುಟ ಅಂದ್ರೆ ಉಲಾನ್ ಅನ್ನೋ ಬೇರೆ ಈಟಿ ಸವಾರರ ಗುರುತು. ಡಾನ್ ಕೊಸಾಕನಿಗೆ ಬೋಳು ಈಟಿ, ಕೋಲಿಗೆ ಕೆಂಪು ಬಣ್ಣ ಒಪ್ಪುತ್ತೆ.

ಉದ್ದ 3 ಮೀಟರ್ ಅಂದ್ರೆ ಗೊಂಬೆಗೆ 94 ಮಿ.ಮೀ. 0.8 ಮಿ.ಮೀ. ಹಿತ್ತಾಳೆ ತಂತಿ ತಗೊಳ್ಳಿ, ಎರಡು ಟೈಲ್ಸ್ ನಡುವೆ ಉರುಳಿಸಿ ನೆಟ್ಟಗೆ ಮಾಡಿ. ಒಂದು ತುದಿಯನ್ನ ಸುತ್ತಿಗೆಯಿಂದ ಚಪ್ಪಟೆ ಮಾಡಿ ಅರದಿಂದ ಮೊನೆ ಬರಿಸಿ. ಮುಷ್ಟಿಯ ತೂತಿಗೆ 0.9ರ ಡ್ರಿಲ್ ಬಿಟ್ಟನ್ನ ಕೈಯಲ್ಲೇ ತಿರುಗಿಸಿ. ಮೆಷಿನ್ ಹಾಕಿದ್ರೆ ಸೀಸ ಕಚ್ಚಿಕೊಂಡು ಬೆರಳುಗಳು ಹರಿದುಹೋಗುತ್ತೆ. ಅಂಟಿಗೆ ಫೆವಿಕ್ವಿಕ್ ಬೇಡ. ಅದು ಪೆಡಸು, ಈಟಿಗೆ ಒಂದು ಸಲ ಕೈ ತಗುಲಿದ್ರೆ ಕಳಚುತ್ತೆ. ಅರಾಲ್ಡೈಟ್ ಎರಡೂ ಟ್ಯೂಬ್ ಸಮಸಮ, ಸಾಸಿವೆ ಕಾಳಿನಷ್ಟು ಸಾಕು.

#29 ಒಂದುಸಾಲು
ಈ ಕೊಸಾಕರು ಟಿಪ್ಪು ಸುಲ್ತಾನನ ಸಹಾಯಕ್ಕೆ ಹೊರಟಿದ್ರಂತೆ, ನಿಜವಾ?

#30 ಡಾನ್_ತೀರ
ಇಲ್ಲ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತದ್ದು 1799ರ ಮೇ 4. ಝಾರ್ ಮೊದಲನೇ ಪಾವೆಲ್ ಡಾನ್ ಕೊಸಾಕರಿಗೆ ‘ಇಂಡಿಯಾಕ್ಕೆ ಹೊರಡಿ’ ಅಂತ ಅಪ್ಪಣೆ ಮಾಡಿದ್ದು 1801ರ ಜನವರಿ. ಆದ್ರೆ ಅಪ್ಪಣೆ ನಿಜ, ಗುರಿ ಇಲ್ಲಿನ ಇಂಗ್ಲಿಷರೇ. ಅತಮಾನ್ (ಕೊಸಾಕರ ಮುಖ್ಯಸ್ಥ) ವಸಿಲಿ ಓರ್ಲೊವ್ ಕೆಳಗೆ ಸುಮಾರು 22,000 ಜನ ಚಳಿಗಾಲದಲ್ಲೇ ಹೊರಟರು. ಒರೆನ್‌ಬರ್ಗ್, ಖೀವಾ, ಬುಖಾರಾ ದಾಟಿ ಸಿಂಧೂ ನದಿಗೆ ಬರೋ ಲೆಕ್ಕ. ಮೇವಿಲ್ಲ, ದಾರಿ ಸರಿಯಾಗಿ ಗೊತ್ತಿಲ್ಲ, ವೋಲ್ಗಾ ದಾಟುವಾಗ ಮಂಜುಗಡ್ಡೆ ಒಡೀತಿತ್ತು. ಮಾರ್ಚ್‌ನಲ್ಲಿ ಪಾವೆಲ್‌ನ ಕೊಲೆ ಆಯ್ತು, ಮಗ ಅಲೆಕ್ಸಾಂಡರ್ ಎಲ್ಲರನ್ನೂ ವಾಪಸ್ ಕರೆಸಿದ. ಆ ದಂಡಯಾತ್ರೆಗೆ ಅಂತಲೇ ಸೆರೆಯಿಂದ ಬಿಡಿಸಿದ್ದ ಒಬ್ಬ ನಾಯಕ ಮತ್ವೇಯ್ ಪ್ಲಾತೊವ್. 1812ರಲ್ಲಿ ನೆಪೋಲಿಯನ್‌ನ ಬೆನ್ನು ಹತ್ತಿದ ಡಾನ್ ಅತಮಾನ್ ಅವನೇ. ಅಕ್ಟೋಬರ್ 25ರ ಬೆಳಗಿನ ಜಾವ ಗೊರೊದ್ನ್ಯಾ ಹತ್ತಿರ ಅವನ ಕೊಸಾಕರು ನೆಪೋಲಿಯನ್‌ನನ್ನೇ ಹಿಡಿದುಬಿಡೋದರಲ್ಲಿದ್ರು.

#31 ಅರಗಿನ_ಬಣ್ಣ
ಪ್ಯಾರಿಸ್‌ಗೆ ಹೋದಾಗ ಹೋಟೆಲ್‌ನಲ್ಲಿ ‘ಬಿಸ್ತ್ರೊ, ಬಿಸ್ತ್ರೊ’ (ರಷ್ಯನ್ ಭಾಷೆಯಲ್ಲಿ ‘ಬೇಗ’) ಅಂತ ಅವಸರ ಮಾಡಿದ್ರಿಂದಲೇ ಅಲ್ಲಿನ ಸಣ್ಣ ಹೋಟೆಲಿಗೆ ಬಿಸ್ಟ್ರೋ ಅನ್ನೋ ಹೆಸರು ಬಂತಂತಲ್ಲ?

#32 ಡಾನ್_ತೀರ
ಚಂದದ ಕಟ್ಟುಕತೆ. ಕೊಸಾಕರು ಪ್ಯಾರಿಸ್‌ನಲ್ಲಿದ್ದದ್ದು 1814. ಆ ಪದ ಫ್ರೆಂಚ್ ಬರಹದಲ್ಲಿ ಕಾಣಿಸೋದು 1880ರ ದಶಕದಲ್ಲಿ. ಎಪ್ಪತ್ತು ವರ್ಷ ಯಾರ ಬಾಯಲ್ಲಿ ಅಡಗಿತ್ತು? ಷಾನ್ಸ್-ಎಲಿಸೇನಲ್ಲಿ ಬಿಡಾರ ಹೂಡಿದ್ದು, ಸೇನ್ ನದಿಯಲ್ಲಿ ಕುದುರೆ ಮೈ ತೊಳೆದದ್ದು ಮಾತ್ರ ನಿಜ.

#33 ಹಳೇ_ಸೀಸ
ಕೊಸಾಕ್ ಅಂದ್ರೆ ಬರೀ ಶೌರ್ಯ, ಟೋಪಿ, ಕುದುರೆ ಅಂತ ಹೋಗ್ತಿದೆ ಮಾತು. 1648ರಲ್ಲಿ ಉಕ್ರೇನಿನ ಖ್ಮೆಲ್ನಿತ್ಸ್ಕಿ ದಂಗೆಯಲ್ಲಿ ಯೆಹೂದಿಗಳ ಊರಿಗೆ ಊರೇ ಕೊಂದವರೂ ಕೊಸಾಕರೇ. 1905ರಲ್ಲಿ ಝಾರ್ ಪರವಾಗಿ ಮೆರವಣಿಗೆಗಳ ಮೇಲೆ ಇದೇ ನಗೈಕ ಬೀಸಿದವರೂ ಅವರೇ. ಕೊನೆಗೆ 1919ರಲ್ಲಿ ಬೊಲ್ಶೆವಿಕರು (ರಷ್ಯದ ಕಮ್ಯುನಿಸ್ಟರು) ಡಾನ್ ಕೊಸಾಕರನ್ನೇ ನಿರ್ಮೂಲ ಮಾಡೋಕೆ ಹೊರಟರು. ಗೊಂಬೆಯ ಕೈಗೆ ಆ ಚಾವಟಿ ಕಟ್ಟುವಾಗ ಇದೂ ಗೊತ್ತಿರಲಿ.

#34 ಬೆಳಗಾವಿ_ಬ್ರಷ್
ಖರೇ ಮಾತು.

#35 ತುದಿಕುಂಚ
ಕುದುರೆ ಒಣಗ್ತಿದೆ, ಗೊರಸು ಅವರು ಹೇಳಿದ ಹಾಗೇ ಬಂದಿದೆ. ಮುಖ ಒಂದು ಬಾಕಿ. ಕಣ್ಣು ಬರೆದ್ರೆ ಬೆಚ್ಚಿಬಿದ್ದವನ ಹಾಗೆ ಕಾಣ್ತಾನೆ.

#36 ಚಿಟಿಕೆ_ಬಣ್ಣ
ಕಣ್ಣಗುಡ್ಡೆಗೆ ಅಪ್ಪಟ ಬಿಳಿ ಹಾಕಿದ್ದೀರಿ. ಬಿಳಿಗೆ ಚೂರು ಚರ್ಮದ ಬಣ್ಣ ಬೆರೆಸಿ. ಪಾಪೆಯ ಸುತ್ತ ನಾಲ್ಕೂ ಕಡೆ ಬಿಳಿ ಕಂಡ್ರೆ ಬೆಚ್ಚಿದ ನೋಟ. ಮೇಲಿನ ರೆಪ್ಪೆಗೆ ಕಡುಗಂದು ಗೆರೆ ಎಳೆದು ಪಾಪೆಯ ತಲೆಯನ್ನ ಅದರೊಳಗೆ ಮುಳುಗಿಸಿ. ಸವಾರ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹಾಗೆ ಇರಬೇಕು. ಗಡ್ಡಕ್ಕೂ ಟೋಪಿಗೂ ಒಂದೇ ಕಪ್ಪು ಬೇಡ. ಟೋಪಿಗೆ ಕಂದು ಬೆರೆತ ಕಪ್ಪು ಬಳಿದು, ಹಳೇ ಬ್ರಷ್‌ನಲ್ಲಿ ಬೂದು ಬಣ್ಣ ಒರೆಸಿ ಒರೆಸಿ ಒಣ ಮಾಡಿ ಮೇಲೆ ಮೆತ್ತಗೆ ಕುಟ್ಟಿ. ತುಪ್ಪಳದ ಗುಂಗುರು ಎದ್ದು ಬರುತ್ತೆ.

#37 ಹಳೇ_ಸೀಸ
ಮುಗಿದ ಮೇಲೆ ಎಲ್ಲಿಡ್ತೀರಿ? ಹೊಸ ಪ್ಲೈವುಡ್, ಎಂಡಿಎಫ್ ಕಪಾಟು ಬೇಡ. ಅವುಗಳಿಂದ ಹೊರಡೋ ಆಮ್ಲದ ಆವಿಗೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತೆ, ನಿಧಾನಕ್ಕೆ ಗೊಂಬೆ ಒಳಗಿಂದ ತಿಂದುಹೋಗುತ್ತೆ. ಗಾಜು, ಲೋಹದ ಕಪಾಟು ಒಳ್ಳೇದು, ಗಾಳಿ ಆಡೋಕೆ ಸಂದು ಇರಲಿ. ಪೀಠದ ಅಡಿಗೂ ವಾರ್ನಿಷ್ ಹಚ್ಚಿ, ಎಲ್ಲರೂ ಮರೆಯೋದು ಅದನ್ನೇ.

#38 ಮಾದರಿ_ಮಾರಾಯ್ರೆ
ಪೀಠಕ್ಕೆ ಮರಳು, ಹುಲ್ಲು ಅಂತ ಅಂಟಿಸಬೇಡಿ ಮಾರಾಯ್ರೆ. ಬರೀ ಹಸಿರು, ಹೊಳೆಯುವ ಹಸಿರು. ಅಷ್ಟಾದ್ರೂ ಆಟಿಕೆ ಉಳಿಲಿ.

#39 ತುದಿಕುಂಚ
ಆಯ್ತು, ಪೀಠಕ್ಕೆ ಹೊಳಪು ಹಸಿರು, ಕುದುರೆಗೂ ಸವಾರನಿಗೂ ಮ್ಯಾಟ್. ಈವತ್ತೇ ಈಟಿ ಅಂಟಿಸಿ ನಾಳೆ ವಾರ್ನಿಷ್ ಹೊಡೀತೀನಿ.

#40 ಗೊರಸು
ತಿರುಗಾ ಮುರುಗಾ. ಮೊದಲು ವಾರ್ನಿಷ್, ಅದೂ ಕುದುರೆಯ ಎಣ್ಣೆಬಣ್ಣ ಒಣಗಿದ ಮೇಲೆ. ಬೆರಳಿಗೆ ಜಿಗುಟು ತಾಗ್ತಿದ್ರೆ ಇನ್ನೂ ಎರಡು ದಿನ ಬಿಡಿ, ಇಲ್ಲದಿದ್ರೆ ಮೇಲಿನ ಪದರ ಬಿರುಕು ಬಿಡುತ್ತೆ. ಈಟಿ ಎಲ್ಲಕ್ಕಿಂತ ಕೊನೆಗೆ.